ಗಿಡ ತುಂಬಿದ ಟ್ಯಾಂಕಿನಲ್ಲಿ ಪುಂಡ ಮೀನು: ಹಿಡಿಯುವ ಬಗೆ

ಪ್ಲಾಂಟೆಡ್ ಟ್ಯಾಂಕ್, ಅಂದರೆ ಒಳಗೆ ಜೀವಂತ ಗಿಡ ಬೆಳೆಸಿದ ಅಕ್ವೇರಿಯಂ ಇಟ್ಟವರಿಗೆ ಒಂದಲ್ಲ ಒಂದು ದಿನ ಈ ತಲೆನೋವು ಬಂದೇ ಬರುತ್ತದೆ. ತಿಂಗಳುಗಟ್ಟಲೆ ಸುಮ್ನೆ ಇದ್ದ ಒಂದು ಮೀನು ಇದ್ದಕ್ಕಿದ್ದಂತೆ ಉಳಿದವುಗಳ ಮೇಲೆ ಬೀಳಲು ಶುರುಮಾಡುತ್ತದೆ. ಗಪ್ಪಿಯ ಬಾಲ ಹರಿದಿರುತ್ತದೆ. ಟೆಟ್ರಾಗಳೆಲ್ಲ ಫಿಲ್ಟರ್ ಪೈಪಿನ ಹಿಂದೆ ಮೂಲೆ ಸೇರಿರುತ್ತವೆ. ಆ ಒಂದು ಮೀನನ್ನು ಹೊರಗೆ ತೆಗೆದರೆ ಸಾಕು, ಎಲ್ಲ ಸರಿಹೋಗುತ್ತದೆ ಅನ್ನಿಸುತ್ತದೆ.

ಬರೀ ಗಾಜು, ನೀರು ಇರುವ ಟ್ಯಾಂಕಿನಲ್ಲಿ ಅದು ಎರಡು ನಿಮಿಷದ ಕೆಲಸ. ಗಿಡ, ಕಲ್ಲು, ಡ್ರಿಫ್ಟ್‌ವುಡ್ (ಅಲಂಕಾರಕ್ಕೆ ಇಡುವ ಮರದ ತುಂಡು) ಇರುವ ಟ್ಯಾಂಕಿನಲ್ಲಿ ಅದೇ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಹೋಗಬಹುದು. ಬಲೆ ಹಿಡಿದು ಅಟ್ಟಿಸಿಕೊಂಡು ಹೋದರೆ ಮೀನು ಸಿಗುವ ಮೊದಲೇ ಮುಂದಿನ ಸಾಲಿನ ಗಿಡಗಳು ಬೇರು ಸಮೇತ ಮೇಲೆ ತೇಲುತ್ತವೆ. ಅದಕ್ಕೇ ಹೇಳುತ್ತೇನೆ, ಅಟ್ಟಬೇಡಿ. ಮೀನೇ ನೀವು ಹೇಳಿದ ಜಾಗಕ್ಕೆ ಬರುವಂತೆ ಮಾಡಿ. ಅದಾಗದಿದ್ದರೆ ಅದು ಓಡಾಡುವ ಜಾಗವನ್ನೇ ಕುಗ್ಗಿಸಿ. ಮುಂದೆ ಹೇಳುವ ಉಪಾಯಗಳೆಲ್ಲ ಈ ಎರಡರಲ್ಲಿ ಒಂದು.

ಪುಂಡ ಯಾವುದು ಅಂತ ಮೊದಲು ಖಚಿತವಾಗಲಿ

ನೀವು ಟ್ಯಾಂಕಿನ ಮುಂದೆ ಕೂತರೆ ಮೀನುಗಳು ಊಟ ಬಂತು ಅಂದುಕೊಂಡು ಗಾಜಿನ ಹತ್ತಿರ ಗುಂಪುಗೂಡುತ್ತವೆ. ಆಗ ನಿಜವಾದ ಜಗಳ ಕಾಣುವುದಿಲ್ಲ. ಫೋನನ್ನು ಟ್ಯಾಂಕಿನ ಎದುರು ಒರಗಿಸಿ, ವಿಡಿಯೋ ಆನ್ ಮಾಡಿ, ಅರ್ಧ ಗಂಟೆ ಬೇರೆ ಕೋಣೆಗೆ ಹೋಗಿ. ಬೆಳಗ್ಗೆ ಲೈಟ್ ಹತ್ತಿದ ಮೇಲೆ ಒಮ್ಮೆ, ಊಟ ಹಾಕಿದ ಮೇಲೆ ಒಮ್ಮೆ ಹೀಗೆ ಮಾಡಿದರೆ ಯಾರು ಯಾರನ್ನು ಓಡಿಸುತ್ತಿದ್ದಾರೆ ಅನ್ನುವುದು ಸ್ಪಷ್ಟವಾಗುತ್ತದೆ. ದೊಡ್ಡ ಮೀನೇ ಪುಂಡ ಅಂತ ಭಾವಿಸಬೇಡಿ. ಎಷ್ಟೋ ಸಲ ಅದು ಪಾಪದ್ದು. ಕಚ್ಚುವುದು ಅದರ ಕಾಲು ಭಾಗವೂ ಇಲ್ಲದ ಇನ್ನೊಂದು.

ಬಾಲ ಹರಿದದ್ದೆಲ್ಲ ಕಚ್ಚಿದ್ದೂ ಅಲ್ಲ. ಕಚ್ಚಿದ ಗಾಯ ಅರ್ಧಚಂದ್ರದ ಹಾಗೆ, ಒಂದು ತುಂಡು ಹೋದಂತೆ ಕಾಣುತ್ತದೆ. ಅಂಚು ಬೆಳ್ಳಗಾಗಿ, ಎಳೆ ಎಳೆಯಾಗಿ ಸವೆಯುತ್ತಿದ್ದರೆ ಅದು ಫಿನ್ ರಾಟ್, ಅಂದರೆ ರೆಕ್ಕೆ ಕೊಳೆಯುವ ರೋಗ ಇರಬಹುದು. ಅದಕ್ಕೆ ಮೀನು ಹಿಡಿದು ಪ್ರಯೋಜನವಿಲ್ಲ, ನೀರಿನ ಗುಣಮಟ್ಟ ನೋಡಬೇಕು.

ಕೆಲವು ಮೀನುಗಳ ಸ್ವಭಾವ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಟೈಗರ್ ಬಾರ್ಬ್ ಗುಂಪಿನ ಮೀನು. ಮೂರೋ ನಾಲ್ಕೋ ಇದ್ದರೆ ಬೇರೆ ಮೀನುಗಳ ರೆಕ್ಕೆ ಕಚ್ಚುತ್ತವೆ. ಎಂಟು ಹತ್ತು ಇದ್ದರೆ ಜಗಳ ಬಹುಮಟ್ಟಿಗೆ ಅವುಗಳ ನಡುವೆಯೇ ಮುಗಿಯುತ್ತದೆ. ಅಂದರೆ ಒಂದನ್ನು ಹಿಡಿದು ತೆಗೆದರೆ ಗುಂಪು ಇನ್ನೂ ಚಿಕ್ಕದಾಗಿ ಕಾಟ ಜಾಸ್ತಿಯಾಗಬಹುದು! ವಿಡೋ ಟೆಟ್ರಾ, ಸರ್ಪೆ ಟೆಟ್ರಾಗಳ ಕಥೆಯೂ ಇದೇ. ರೆಡ್ ಟೇಲ್ ಶಾರ್ಕ್ ಹಾಗಲ್ಲ. ಥಾಯ್ಲೆಂಡ್ ಮೂಲದ ಈ ಮೀನು ಬೆಳೆದಂತೆ ಒಂದು ಮೂಲೆಯನ್ನು ತನ್ನದು ಅಂತ ಹಿಡಿದುಕೊಳ್ಳುತ್ತದೆ. ತನ್ನ ಜಾತಿಯ ಇನ್ನೊಂದನ್ನು ಸಹಿಸುವುದೇ ಇಲ್ಲ. ಸಿಕ್ಲಿಡ್ ಅನ್ನುವ ಬಗೆಯ ಮೀನಿನ ಜೋಡಿ ಮೊಟ್ಟೆ ಇಟ್ಟಿದ್ದರೆ ಕೆಲವು ವಾರ ಯಾರನ್ನೂ ಹತ್ತಿರ ಬಿಡುವುದಿಲ್ಲ, ಮರಿಗಳು ದೊಡ್ಡವಾದ ಮೇಲೆ ತಣ್ಣಗಾಗುತ್ತವೆ. ನಮ್ಮ ಪಶ್ಚಿಮ ಘಟ್ಟದ ಪೀ ಪಫರ್ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಷ್ಟೇ. ಆದರೂ ಉದ್ದ ಬಾಲದ ಮೀನುಗಳ ಬಾಲ ಕತ್ತರಿಸಿ ಹಾಕುತ್ತದೆ.

ನನಗೆ ಜಾಸ್ತಿ ಬೇಸರ ತರುವುದು ಚೈನೀಸ್ ಆಲ್ಗೆ ಈಟರ್ ವಿಷಯ. ಪಾಚಿ ತಿನ್ನುತ್ತದೆ ಅಂತ ಹೇಳಿ ಎರಡಿಂಚಿನ ಹೊಂಬಣ್ಣದ ಮರಿಯನ್ನು ಮಾರುತ್ತಾರೆ. ಮರಿಯಾಗಿದ್ದಾಗ ನಿಜಕ್ಕೂ ಪಾಚಿ ತಿನ್ನುತ್ತದೆ. ಆದರೆ ಇದು 25 ಸೆಂಟಿಮೀಟರ್ ದಾಟಿ ಬೆಳೆಯಬಲ್ಲ ಜಾತಿ. ದೊಡ್ಡದಾದಂತೆ ಪಾಚಿಯ ಮೇಲಿನ ಆಸೆ ಕಡಿಮೆಯಾಗುತ್ತದೆ. ಏಂಜಲ್, ಡಿಸ್ಕಸ್‌ನಂಥ ಚಪ್ಪಟೆ ಮೀನುಗಳ ಮೈಗೆ ಅಂಟಿಕೊಂಡು ಅವುಗಳ ಲೋಳೆಯನ್ನು ಹೀರತೊಡಗುತ್ತದೆ. ಇಂಥದ್ದನ್ನು ತೆಗೆಯಲೇಬೇಕು, ಬೇರೆ ದಾರಿಯಿಲ್ಲ. ಹಿಡಿಯುವುದಕ್ಕೆ ಅತಿ ಕಷ್ಟದ ಮೀನುಗಳಲ್ಲಿ ಇದೂ ಒಂದು ಅನ್ನುವುದು ಇನ್ನೊಂದು ಸಂಕಟ.

ಬಲೆ ಯಾಕೆ ಸೋಲುತ್ತದೆ

ಮೀನಿನ ಮೈಯ ಎರಡೂ ಬದಿಗೆ ಲ್ಯಾಟರಲ್ ಲೈನ್ ಅನ್ನುವ ಅಂಗವಿದೆ. ನೀರಿನ ಸಣ್ಣ ಅಲುಗಾಟವನ್ನೂ ಅದು ಗುರುತಿಸುತ್ತದೆ. ನೀವು ಬಲೆ ಬೀಸಿದಾಗ ಬಲೆಗಿಂತ ಮೊದಲು ನೀರಿನ ಒತ್ತಡ ಮೀನನ್ನು ಮುಟ್ಟುತ್ತದೆ. ಅದರ ಜೊತೆಗೆ, ಹೆಚ್ಚಿನ ಮೀನುಗಳ ಮೆದುಳಿನ ಹಿಂಭಾಗದಲ್ಲಿ ಮೌತ್ನರ್ ಕೋಶ ಅನ್ನುವ ಒಂದು ಜೋಡಿ ದೊಡ್ಡ ನರಕೋಶಗಳಿವೆ. ಅಪಾಯದ ಸುಳಿವು ಸಿಕ್ಕಿದರೆ ಅವು ಮೈಯ ಒಂದು ಬದಿಯ ಸ್ನಾಯುಗಳನ್ನೆಲ್ಲ ಒಟ್ಟಿಗೆ ಬಿಗಿಯುತ್ತವೆ. ಮೀನು ಬಿಲ್ಲಿನಂತೆ ಬಾಗಿ ಚಿಮ್ಮುತ್ತದೆ. ಸೆಕೆಂಡಿನ ಐವತ್ತನೇ ಒಂದು ಭಾಗದೊಳಗೆ ಇದು ಶುರುವಾಗಿಬಿಡುತ್ತದೆ. ನಮ್ಮ ಕೈ ಪ್ರತಿಕ್ರಿಯಿಸಲು ಅದರ ಹತ್ತು ಪಟ್ಟು ಸಮಯ ಬೇಕು. ವೇಗದಲ್ಲಿ ಗೆಲ್ಲುವ ಮಾತೇ ಇಲ್ಲ.

ಇನ್ನು ಬಲೆಯ ಲೆಕ್ಕ. ನೀರಿನಲ್ಲಿ ಬಲೆಯ ವೇಗ ದುಪ್ಪಟ್ಟು ಮಾಡಿದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಕಣ್ಣು ಸಣ್ಣದಿರುವ ಬಲೆಯಾದರೆ ಇನ್ನೂ ಕಷ್ಟ, ಅದು ನೀರನ್ನು ತಳ್ಳಿಕೊಂಡೇ ಹೋಗುತ್ತದೆ, ನೀರಿನ ಜೊತೆ ಮೀನನ್ನೂ ಆಚೆ ತಳ್ಳುತ್ತದೆ. ಅದಕ್ಕೇ ಅನುಭವ ಇರುವವರು ಬಲೆಯನ್ನು ಬೀಸುವುದಿಲ್ಲ. ಒಂದು ದೊಡ್ಡ ಬಲೆಯನ್ನು ಒಂದು ಕಡೆ ಅಲುಗಾಡಿಸದೆ ಹಿಡಿಯುತ್ತಾರೆ, ಇನ್ನೊಂದು ಚಿಕ್ಕ ಬಲೆಯಿಂದ ಮೀನನ್ನು ಮೆಲ್ಲಗೆ ಅದರ ಕಡೆ ಸಾಗಿಸುತ್ತಾರೆ. ಮೀನಿಗೆ ಹೆದರಿಕೆ ಇರುವುದು ಚಲಿಸುವ ಬಲೆಯದು, ನಿಂತ ಬಲೆಯದಲ್ಲ.

ಮೀನಿಗೆ ನೆನಪಿರುವುದಿಲ್ಲ ಅನ್ನುವ ಮಾತನ್ನು ನಂಬಲೇಬೇಡಿ. ಆಸ್ಟ್ರೇಲಿಯಾದ ಸಂಶೋಧಕ ಕಲಮ್ ಬ್ರೌನ್ ರೈನ್‌ಬೋ ಮೀನುಗಳ ಮೇಲೆ ಮಾಡಿದ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ನಡುವೆ ಒಂದೇ ತೂತು ಇರುವ ಬಲೆಯನ್ನು ಟ್ಯಾಂಕಿನ ಉದ್ದಕ್ಕೂ ಎಳೆದಾಗ, ಐದು ಸಲದೊಳಗೆ ಮೀನುಗಳು ಆ ತೂತಿನಿಂದ ಪಾರಾಗುವುದನ್ನು ಕಲಿತವು. ಹನ್ನೊಂದು ತಿಂಗಳ ನಂತರ ಮತ್ತೆ ಅದೇ ಬಲೆ ತಂದಾಗಲೂ ಅವಕ್ಕೆ ಅದು ನೆನಪಿತ್ತು. ನಮ್ಮ ಟ್ಯಾಂಕಿಗೆ ಇದರ ಪಾಠ ನೇರವಾಗಿದೆ. ತಯಾರಿಯಿಲ್ಲದೆ ಬಲೆ ಹಾಕಿದ ಪ್ರತಿ ಸಲವೂ ಮೀನಿಗೆ ತಪ್ಪಿಸಿಕೊಳ್ಳುವ ತರಬೇತಿ ಕೊಟ್ಟಂತೆ.

ಮೀನೇ ಬರಲಿ

ಎಲ್ಲ ಉಪಾಯಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಇದು. ಬಲೆಯನ್ನೇ ಊಟದ ತಟ್ಟೆ ಮಾಡುವುದು. ದೊಡ್ಡ ಬಲೆಯೊಂದನ್ನು ಟ್ಯಾಂಕಿನ ಮುಂದಿನ ಖಾಲಿ ಜಾಗದಲ್ಲಿ, ಬಾಯಿ ಮೇಲೆ ಮಾಡಿ ಇಳಿಬಿಡಿ. ಹಿಡಿಯನ್ನು ಗಾಜಿನ ಅಂಚಿಗೆ ಕ್ಲಿಪ್ ಹಾಕಿ ನಿಲ್ಲಿಸಿ. ಮೊದಲ ದಿನ ಯಾವ ಮೀನೂ ಹತ್ತಿರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆ ದಿನದಿಂದ ಊಟವನ್ನು ಬಲೆಯ ಹತ್ತಿರ ಮಾತ್ರ ಹಾಕಿ. ಆಮೇಲೆ ಬಲೆಯ ಒಳಗೆ ಮಾತ್ರ. ಕೆಲವು ದಿನ ಬಿಟ್ಟು ನೋಡಿದರೆ ಹೆಚ್ಚು ಧೈರ್ಯದ ಮೀನು ಎಲ್ಲಕ್ಕಿಂತ ಮೊದಲು ಒಳಗೆ ನುಗ್ಗುತ್ತದೆ. ಪುಂಡ ಮೀನು ಸಾಮಾನ್ಯವಾಗಿ ಆ ಧೈರ್ಯದ ಮೀನೇ ಆಗಿರುತ್ತದೆ, ಅಲ್ವಾ? ಅದರ ಸ್ವಭಾವವೇ ನಿಮ್ಮ ಸಹಾಯಕ್ಕೆ ಬರುತ್ತದೆ. ಅದು ತಿನ್ನುವುದರಲ್ಲಿ ಮಗ್ನವಾಗಿದ್ದಾಗ ಬಲೆಯನ್ನು ನೇರ ಮೇಲಕ್ಕೆ, ಒಂದೇ ಎಳೆತದಲ್ಲಿ ಎತ್ತಬೇಕು. ಅಂಚು ನೀರಿನ ಮಟ್ಟ ದಾಟಿದರೆ ಕೆಲಸ ಮುಗಿಯಿತು. ಹಿಂದಿನ ದಿನ ಊಟ ಹಾಕದೆ ಬಿಟ್ಟರೆ ಇನ್ನೂ ಒಳ್ಳೆಯದು. ಆರೋಗ್ಯವಾಗಿರುವ ಬೆಳೆದ ಮೀನಿಗೆ ಒಂದು ದಿನದ ಉಪವಾಸದಿಂದ ಏನೂ ಆಗುವುದಿಲ್ಲ.

ಬಾಟಲಿ ಬಲೆ ಅನೇಕರಿಗೆ ಗೊತ್ತಿರುವ ಉಪಾಯ. ನೀರಿನ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಭಾಗ ಕತ್ತರಿಸಿ, ಆ ತುಂಡನ್ನು ತಿರುಗಿಸಿ ಒಳಗೆ ತೂರಿಸಿದರೆ ಆಲಿಕೆಯ ಆಕಾರ ಬರುತ್ತದೆ. ಮೀನಿಗೆ ಒಳಗೆ ಹೋಗುವ ದಾರಿ ಸುಲಭವಾಗಿ ಸಿಗುತ್ತದೆ, ಹೊರಗೆ ಬರುವ ಬಾಯಿ ಕಾಣುವುದಿಲ್ಲ. ಬಾಟಲಿಯ ಮೈಗೆ ಬಿಸಿ ಮಾಡಿದ ದಬ್ಬಣದಿಂದ ತುಂಬಾ ತೂತು ಮಾಡಿ, ಒಳಗೆ ನೀರು ಆಡುವಂತಿರಬೇಕು. ಕತ್ತರಿಸಿದ ಅಂಚನ್ನು ಉಜ್ಜಿ ನುಣುಪು ಮಾಡಿ. ಮುಳುಗಲು ಎರಡು ಕಲ್ಲು, ಊಟಕ್ಕೆ ಒಂದೆರಡು ಪೆಲೆಟ್ ಹಾಕಿ. ದೊಡ್ಡ ಮೀನಾದರೆ ಐದು ಲೀಟರಿನ ಕ್ಯಾನ್ ಬೇಕು, ಅದರಲ್ಲೂ ಬಾಯಿ ಸಾಲದಿದ್ದರೆ ಕತ್ತರಿಸಿ ಅಗಲ ಮಾಡಬೇಕು. ಇದರ ಒಂದು ತೊಂದರೆ ಏನೆಂದರೆ, ನಿಮಗೆ ಬೇಡದ ಮೀನುಗಳೂ ಒಳಗೆ ಹೋಗುತ್ತವೆ. ಪುಂಡನ ಜೊತೆ ಒಂದು ಚಿಕ್ಕ ಟೆಟ್ರಾ ಸಿಕ್ಕಿಕೊಂಡರೆ ಅದಕ್ಕೆ ಓಡಲು ಜಾಗವೇ ಇರುವುದಿಲ್ಲ. ಹಾಗಾಗಿ ಬಾಟಲಿ ಇಟ್ಟು ಆಫೀಸಿಗೆ ಹೋಗಬೇಡಿ, ರಾತ್ರಿಯಿಡೀ ಬಿಡಬೇಡಿ. ನೀವು ಮನೆಯಲ್ಲಿದ್ದು ಆಗಾಗ ನೋಡಲು ಆಗುವಾಗ ಮಾತ್ರ ಇಡಿ.

ರಾತ್ರಿ ಹಿಡಿಯುವುದು ಹಗಲು ಓಡಾಡುವ ಮೀನುಗಳಿಗೆ ಒಳ್ಳೆಯ ದಾರಿ. ಲೈಟ್ ಆರಿಸಿ ಎರಡು ಮೂರು ಗಂಟೆಯಾದ ಮೇಲೆ ಅವು ಎಲೆಯ ಕೆಳಗೋ, ಮೂಲೆಯಲ್ಲೋ, ನೆಲಕ್ಕೆ ಹತ್ತಿರವಾಗಿಯೋ ಬಣ್ಣ ಮಂಕಾಗಿ ನಿಂತಿರುತ್ತವೆ. ಹಲವು ಮೀನುಗಳು ದಿನವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಮಲಗುತ್ತವೆ, ಅದನ್ನು ಮೊದಲೇ ನೋಡಿಟ್ಟುಕೊಳ್ಳಿ. ಕೋಣೆಯ ಲೈಟೂ ಆರಿಸಿ, ಮಂದ ಟಾರ್ಚಿನಲ್ಲಿ ಹುಡುಕಿ, ಬಲೆಯನ್ನು ಹತ್ತಿರಕ್ಕೆ ತಂದು ನಿಲ್ಲಿಸಿ, ಇನ್ನೊಂದು ಕೈಯಿಂದ ಒಳಗೆ ನೂಕಿ. ಎಚ್ಚೆತ್ತುಕೊಳ್ಳಲು ಅದಕ್ಕೆ ಕೆಲವು ಕ್ಷಣ ಬೇಕು, ನಿಮಗೆ ಸಿಗುವ ಅವಕಾಶ ಅಷ್ಟೇ. ರಾತ್ರಿ ಚುರುಕಾಗುವ ಪ್ಲೆಕೋ, ಕ್ಯಾಟ್‌ಫಿಶ್‌ಗಳಿಗೆ ಇದು ನಡೆಯುವುದಿಲ್ಲ.

ಗಾಳ ಹಾಕುವವರಿದ್ದಾರೆ, ಲವಂಗದ ಎಣ್ಣೆ ಹಾಕಿ ಮಂಪರು ಬರಿಸುವವರಿದ್ದಾರೆ. ಎರಡೂ ಬೇಡ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ನಿಜಕ್ಕೂ ಮೀನಿಗೆ ಅರಿವಳಿಕೆ. ಆದರೆ ಅದನ್ನು ಬಳಸುವುದು ಅಳತೆ ಗೊತ್ತಿರುವವರು, ಬೇರೆ ಪಾತ್ರೆಯಲ್ಲಿ. ಎಲ್ಲ ಮೀನು, ಸೀಗಡಿ ಇರುವ ಟ್ಯಾಂಕಿಗೆ ಅದನ್ನು ಸುರಿಯುವುದು ಒಂದು ಮೀನಿಗಾಗಿ ಎಲ್ಲವನ್ನೂ ಪಣಕ್ಕಿಟ್ಟಂತೆ.

ನೀರು ಇಳಿಸುವುದು

ಮೇಲಿನದು ಯಾವುದೂ ಫಲಿಸಲಿಲ್ಲ ಅಂದರೆ, ಇಲ್ಲವೇ ಪುಂಡನ ಕಾಟ ಇವತ್ತೇ ನಿಲ್ಲಬೇಕು ಅಂದರೆ, ನೀರು ಇಳಿಸಬೇಕು. ಇದು ಖಂಡಿತ ಫಲ ಕೊಡುವ ದಾರಿ. ಹಾಗೆಯೇ ಜಾಸ್ತಿ ತಯಾರಿ ಬೇಡುವ ದಾರಿ.

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 180 ಲೀಟರ್ ನೀರಿರುತ್ತದೆ. ನೀರನ್ನು ಅರ್ಧ ಅಡಿಗೆ ಇಳಿಸಿದರೆ ಉಳಿಯುವುದು 60 ಲೀಟರ್. ಮೀನು ಮೇಲೆ ಕೆಳಗೆ ಓಡಾಡುವ ಜಾಗ ಮೂರನೇ ಒಂದು ಭಾಗಕ್ಕೆ ಬರುತ್ತದೆ. ಹೊರತೆಗೆಯಬೇಕಾದ್ದು 120 ಲೀಟರ್, ಅಂದರೆ 20 ಲೀಟರಿನ ಆರು ಬಕೆಟ್. ಆ ನೀರನ್ನು ಚೆಲ್ಲಬೇಡಿ, ಶುದ್ಧ ಬಕೆಟ್, ಡ್ರಮ್ಮುಗಳಲ್ಲಿ ತುಂಬಿಡಿ. ಮೀನು ಸಿಕ್ಕ ಮೇಲೆ ಅದನ್ನೇ ವಾಪಸ್ ಹಾಕಬಹುದು.

ಬೆಂಗಳೂರಿನಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಆಂಟಿ ಕ್ಲೋರಿನ್ ಹಾಕದೆ 120 ಲೀಟರ್ ಸುರಿದರೆ ಮೀನಿನ ಕಿವಿರು ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವೂ ಸಾಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಇರುವುದಿಲ್ಲ, ಆದರೆ ಕಾವೇರಿ ನೀರಿಗಿಂತ ಗಡಸು. ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಬೆರೆತಿರುತ್ತವೆ. ಯಾವ ದಿನ ಯಾವುದು ಜಾಸ್ತಿ ಅಂತ ಗೊತ್ತಾಗುವುದಿಲ್ಲ. ಒಮ್ಮೆಲೇ ಮೂರನೇ ಎರಡು ಪಾಲು ನೀರು ಬದಲಾದರೆ ಮೀನಿಗೂ ಗಿಡಕ್ಕೂ ಆಘಾತ. ಹಳೆಯ ನೀರು ಇಟ್ಟುಕೊಂಡರೆ ಈ ಚಿಂತೆಯೇ ಇಲ್ಲ.

ಕ್ರಮ ಹೀಗಿರಲಿ. ಮೊದಲು ಹೀಟರ್ ಆಫ್ ಮಾಡಿ ಕಾಲು ಗಂಟೆ ಬಿಡಿ. ಬಿಸಿ ಇರುವ ಗಾಜಿನ ಹೀಟರ್ ನೀರಿನಿಂದ ಹೊರಗೆ ಬಂದರೆ ಒಡೆಯಬಹುದು. ಫಿಲ್ಟರ್, ಗಿಡಗಳಿಗೆ ಕೊಡುವ ಸಿಓಟು (ಕಾರ್ಬನ್ ಡೈಆಕ್ಸೈಡ್) ಆಫ್ ಮಾಡಿ. ನೀರಿಗೆ ಗಾಳಿಯ ಗುಳ್ಳೆ ಬಿಡುವ ಏರ್ ಸ್ಟೋನ್ ಒಂದು ಓಡುತ್ತಿರಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಅದೇ ಬಿಸಿಯಿರುವ ನೀರು ಮಂಗಳೂರಿನಲ್ಲಿ ಹಿಡಿದಿಟ್ಟುಕೊಳ್ಳುವಷ್ಟು ಆಮ್ಲಜನಕವನ್ನು ಇಲ್ಲಿ ಹಿಡಿದಿಟ್ಟುಕೊಳ್ಳುವುದಿಲ್ಲ. ಕಡಿಮೆ ನೀರು, ಗಾಬರಿಯಾದ ಮೀನು, ಕದಡಿದ ಮಣ್ಣು ಮೂರೂ ಸೇರಿದಾಗ ಆ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ.

ಉದ್ದ ಕಾಂಡದ ಗಿಡಗಳಿದ್ದರೆ ಹಿಂದಿನ ದಿನವೇ ಕತ್ತರಿಸಿ. ಇಲ್ಲದಿದ್ದರೆ ನೀರು ಇಳಿದಾಗ ಅವು ಹಾಸಿಗೆಯಂತೆ ಮಲಗಿ ಮೀನಿಗೆ ಅಡಗಲು ಇನ್ನೂ ಒಳ್ಳೆಯ ಜಾಗ ಮಾಡಿಕೊಡುತ್ತವೆ. ನೀರಿನಿಂದ ಹೊರಗುಳಿದ ಎಲೆಗಳಿಗೆ ಆಗಾಗ ನೀರು ಸ್ಪ್ರೇ ಮಾಡಿದರೆ ಅರ್ಧ ಗಂಟೆಯಲ್ಲಿ ಏನೂ ಆಗುವುದಿಲ್ಲ. ಅನೂಬಿಯಾಸ್, ಜಾವಾ ಫರ್ನ್‌ನಂಥ ಗಿಡ ಕಟ್ಟಿದ ಡ್ರಿಫ್ಟ್‌ವುಡ್ ಇದ್ದರೆ ಗಿಡ ಸಮೇತ ಎತ್ತಿ ಬಕೆಟ್ಟಿನಲ್ಲಿಡಬಹುದು. ಎತ್ತುವಾಗ ಅದರ ಪೊಟರೆ ನೋಡಿ. ಆಲ್ಗೆ ಈಟರ್, ಪ್ಲೆಕೋ, ಲೋಚ್‌ಗಳು ಎಷ್ಟೋ ಸಲ ಒಳಗೇ ಕೂತಿರುತ್ತವೆ, ಮರದ ಜೊತೆಗೇ ಹೊರಗೆ ಬರುತ್ತವೆ! ಆದರೆ ಮಣ್ಣಿನಲ್ಲಿ ಹೂತ ಕಲ್ಲು, ಮರಗಳನ್ನು ಕೀಳಬೇಡಿ. ಗಿಡಗಳಿಗಾಗಿ ತಳಕ್ಕೆ ಹಾಕುವ ಗೊಬ್ಬರದ ಮಣ್ಣು, ಅಂದರೆ ಆಕ್ವಾ ಸಾಯಿಲ್ ಕದಡಿದರೆ ಅದರಲ್ಲಿ ಸೇರಿದ ಅಮೋನಿಯಾ ನೀರಿಗೆ ಬರುತ್ತದೆ. ನೀರಿನ ಪಿಎಚ್ ಹೆಚ್ಚಿದ್ದಷ್ಟೂ ಅಮೋನಿಯಾ ಹೆಚ್ಚು ವಿಷ.

ಇಷ್ಟಾದ ಮೇಲೆ ಒಂದು ಸನ್‌ಪ್ಯಾಕ್ ಶೀಟನ್ನು (ಬೋರ್ಡುಗಳಿಗೆ ಬಳಸುವ ಹಗುರ ಪ್ಲಾಸ್ಟಿಕ್ ಹಾಳೆ) ಟ್ಯಾಂಕಿನ ಅಗಲಕ್ಕೆ ಸರಿಯಾಗಿ ಕತ್ತರಿಸಿಕೊಳ್ಳಿ. ಅದನ್ನು ಒಂದು ತುದಿಯಿಂದ ಗೋಡೆಯಂತೆ ಮೆಲ್ಲಗೆ ಮುಂದೆ ತನ್ನಿ. ಗಿಡಗಳ ಮೇಲಿಂದ ದಾಟಿಸಬೇಕಾದರೆ ಅಡಿಯನ್ನು ಗಿಡಕ್ಕೆ ತಕ್ಕಂತೆ ಕತ್ತರಿಸಬಹುದು. ಶೀಟು ತೇಲುತ್ತದೆ, ಹಾಗಾಗಿ ಒಬ್ಬರು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಬಲೆ ನೋಡಿಕೊಳ್ಳಬೇಕು. ಜಾಗ ಕುಗ್ಗುತ್ತಾ ಹೋದಂತೆ ಬೇರೆ ಮೀನುಗಳನ್ನು ಅಂಚಿನಿಂದ ಹಿಂದಕ್ಕೆ ದಾಟಲು ಬಿಡಿ. ಕೊನೆಗೆ ಒಂದು ಅಡಿಯಷ್ಟು ಜಾಗದಲ್ಲಿ ಪುಂಡ ಮೀನು ಉಳಿದಾಗ ಎರಡು ಬಲೆ ಸಾಕು. ಹತ್ತು ನಿಮಿಷದಲ್ಲಿ ಆಗಲಿಲ್ಲ ಅಂದರೆ ನಿಲ್ಲಿಸಿ. ಓಡಿ ಓಡಿ ದಣಿದ ಮೀನು ಕೈಗೆ ಸಿಕ್ಕ ಮೇಲೂ ಕೆಲವು ಗಂಟೆಗಳಲ್ಲಿ ಸಾಯಬಹುದು. ಹಿಡಿಯುತ್ತಿರುವುದು ಅದನ್ನು ಉಳಿಸಿಕೊಂಡೇ ಬೇರೆ ಕಡೆ ಕಳಿಸಲು ಅನ್ನುವುದನ್ನು ಮರೆಯಬಾರದು.

ಬಲೆಯಲ್ಲಿ ಸಿಕ್ಕ ಮೀನನ್ನು ಗಾಳಿಯಲ್ಲಿ ಎತ್ತಿಕೊಂಡು ಓಡುವ ಬದಲು, ನೀರಿನ ಒಳಗೇ ಒಂದು ಅಗಲ ಬಾಯಿಯ ಡಬ್ಬಿಗೆ ಇಳಿಸಿ ಮುಚ್ಚಳ ಹಾಕಿ. ಕ್ಯಾಟ್‌ಫಿಶ್‌ಗಳ ರೆಕ್ಕೆಯ ಮುಳ್ಳು, ಕ್ಲೌನ್ ಲೋಚ್‌ನ ಕಣ್ಣಿನ ಕೆಳಗಿನ ಮುಳ್ಳು ಬಲೆಗೆ ಸಿಕ್ಕಿಕೊಂಡುಬಿಡುತ್ತವೆ. ಅಂಥ ಮೀನುಗಳಿಗೆ ಬಲೆಯೇ ಬೇಡ, ಡಬ್ಬಿಯನ್ನೇ ಬಳಸಿ. ಸಿಕ್ಕಿಕೊಂಡರೆ ಎಳೆಯಬೇಡಿ, ಬಲೆಯನ್ನು ಕತ್ತರಿಸಿ. ಮುಟ್ಟಲೇಬೇಕಾದರೆ ಕೈ ಒದ್ದೆಯಿರಲಿ, ಒಣಗಿದ ಕೈ ಮೈಯ ಲೋಳೆಯನ್ನು ಕೀಳುತ್ತದೆ.

ಹಿಡಿದ ಮೀನು ಎಲ್ಲಿಗೆ

ಹಿಡಿಯುವ ಮೊದಲೇ ಇದಕ್ಕೆ ಉತ್ತರ ಇರಬೇಕು. ಇನ್ನೊಂದು ಟ್ಯಾಂಕ್ ಇದ್ದರೆ ಸರಿ. ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತಲ ಅಂಗಡಿಗಳಲ್ಲೋ, ನಿಮ್ಮ ಬಡಾವಣೆಯ ಅಕ್ವೇರಿಯಂ ಅಂಗಡಿಯಲ್ಲೋ ಮೊದಲೇ ಕೇಳಿ ನೋಡಿ. ಆರೋಗ್ಯವಾಗಿರುವ ಮೀನನ್ನು ವಾಪಸ್ ತೆಗೆದುಕೊಳ್ಳುವವರು ಸಿಗುತ್ತಾರೆ. ಹಣ ಕೇಳದಿದ್ದರೆ ಬೇಗ ಸಿಗುತ್ತಾರೆ. ಅದರ ಸ್ವಭಾವವನ್ನು ಮುಚ್ಚಿಡಬೇಡಿ. ದೊಡ್ಡ ಸಿಕ್ಲಿಡ್ ಟ್ಯಾಂಕ್ ಇರುವವರ ಮನೆಯಲ್ಲಿ ಇದೇ ಮೀನು ಸಾಧುವಾಗಿ ಇರಬಹುದು.

ಕೆರೆಗೆ ಮಾತ್ರ ಬಿಡಬೇಡಿ. ಸ್ಯಾಂಕಿ ಕೆರೆಯೋ ಹಲಸೂರು ಕೆರೆಯೋ ಮನೆಗೆ ಹತ್ತಿರವಿದೆ, ಬದುಕಿಕೊಳ್ಳಲಿ ಅನ್ನುವ ಕರುಣೆ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಕೆರೆಗಳು ಒಂದಕ್ಕೊಂದು ರಾಜಕಾಲುವೆಗಳಿಂದ ಸೇರಿಕೊಂಡಿವೆ. ಬೆಳ್ಳಂದೂರಿನ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಪಶ್ಚಿಮದ ಕಡೆಯ ನೀರು ವೃಷಭಾವತಿಯಾಗಿ ಅರ್ಕಾವತಿ ಸೇರಿ, ಕಾವೇರಿಗೆ ಮುಟ್ಟುತ್ತದೆ. ಒಂದು ಕೆರೆಗೆ ಬಿಟ್ಟ ಮೀನು, ಅದರ ಮೈಮೇಲಿನ ರೋಗ, ಮಳೆಗಾಲದಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಇಂದು ದೇಶದ ಉದ್ದಗಲಕ್ಕೂ ಹಬ್ಬಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು 2000ದಲ್ಲೇ ನಿಷೇಧಿಸಿದರೂ ಅದು ಇನ್ನೂ ನಮ್ಮ ನೀರಿನಲ್ಲಿದೆ. ಅಕ್ವೇರಿಯಂನಲ್ಲಿ ಪಾಚಿ ತಿನ್ನಲು ತಂದ ಪ್ಲೆಕೋ ಜಾತಿಯ ಮೀನುಗಳೂ ದೇಶದ ಹಲವು ಕೆರೆ, ನದಿಗಳಲ್ಲಿ ನೆಲೆಯೂರಿವೆ. ಅವು ಹೆಚ್ಚಾಗಿ ಸಾಕಿದವರು ಬಿಟ್ಟದ್ದರಿಂದ, ಸಾಕಣೆಯಿಂದ ತಪ್ಪಿಸಿಕೊಂಡದ್ದರಿಂದ ಬಂದವು.

ಮೀನು ಹೋದ ಮೇಲೆ ಎರಡು ವಾರ ಟ್ಯಾಂಕನ್ನು ಗಮನಿಸಿ. ಪುಂಡನ ಕೆಳಗೆ ಅಡಗಿದ್ದ ಎರಡನೆಯ ಮೀನು ಈಗ ತಲೆಯೆತ್ತಬಹುದು. ಗುಂಪಿನ ಮೀನುಗಳಲ್ಲಿ ಇದು ಸಾಮಾನ್ಯ. ನೀರು ಇಳಿಸಿದ ದಿನವೇ ಮಣ್ಣಿನಲ್ಲಿ ಹೂತಿರದ ಒಂದೆರಡು ಕಲ್ಲು, ಮರದ ತುಂಡುಗಳ ಜಾಗ ಬದಲಿಸಿದ್ದರೆ ಹಳೆಯ ಗಡಿಗಳು ಅಳಿಸಿಹೋಗಿ ಎಲ್ಲ ಮೀನುಗಳೂ ಹೊಸದಾಗಿ ಜಾಗ ಹುಡುಕಿಕೊಳ್ಳುತ್ತವೆ. ಎತ್ತಿದ ಡ್ರಿಫ್ಟ್‌ವುಡ್ ವಾಪಸ್ ಇಡುವಾಗ ಇದು ನೆನಪಿರಲಿ. ಬಾಲ ಹರಿದ ಮೀನುಗಳಿಗೆ ಔಷಧಿ ಬೇಡ, ಚೊಕ್ಕ ನೀರು ಸಾಕು. ಬುಡದವರೆಗೆ ಹೋಗದ ಗಾಯವಾದರೆ ರೆಕ್ಕೆ ಮತ್ತೆ ಬೆಳೆಯುತ್ತದೆ. ಹೊಸದಾಗಿ ಬೆಳೆದ ಭಾಗ ಮೊದಲು ಗಾಜಿನಂತೆ ಪಾರದರ್ಶಕವಾಗಿ ಕಾಣುತ್ತದೆ, ಅದನ್ನು ರೋಗ ಅಂದುಕೊಳ್ಳಬೇಡಿ. ಖಾಲಿಯಾದ ಜಾಗಕ್ಕೆ ಹೊಸ ಮೀನು ತರುವ ಆಸೆಯಿದ್ದರೆ ಈ ರೆಕ್ಕೆಗಳು ಬೆಳೆಯುವವರೆಗೆ ತಡೆಯಿರಿ. ತರುವಾಗ ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು, ಅದು ಪೂರ್ತಿ ಬೆಳೆದರೆ ಎಷ್ಟು ಉದ್ದವಾಗುತ್ತದೆ, ಎಷ್ಟು ಮೀನಿನ ಗುಂಪು ಬೇಕು ಅಂತ ಕೇಳಿ.